ಸಾಧಾರಣ ರಾಡಿಗೆ ದೊಡ್ಡ ಹ್ಯಾಲಿಬಟ್ ಕಚ್ಚಿದಾಗ

ಪ್ರಶ್ನೆ: ನಾನು ಮಲ್ಪೆಯವನು, ಈಗ ಸಿಯಾಟಲ್ ಸಮೀಪ ನೆಲೆಸಿದ್ದೇನೆ. ಬರುವ ಜುಲೈಯಲ್ಲಿ ಮೂವರು ಗೆಳೆಯರು ಸೇರಿ ಅಲಾಸ್ಕದ ಹೋಮರ್‌ಗೆ ಹೋಗಿ, ಇಪ್ಪತ್ತು ಅಡಿಯ ಅಲ್ಯೂಮಿನಿಯಂ ದೋಣಿಯೊಂದನ್ನು ಬಾಡಿಗೆಗೆ ಹಿಡಿದು, ಮಾರ್ಗದರ್ಶಕರಿಲ್ಲದೆ ಹ್ಯಾಲಿಬಟ್ ಮೀನಿಗೆ ಗಾಳ ಹಾಕಬೇಕೆಂದಿದ್ದೇವೆ. ನಮ್ಮಲ್ಲಿರುವುದು ಸಾಮನ್ ಮೀನಿಗೆಂದು ಕೊಂಡ ಏಳು ಅಡಿಯ ರಾಡ್‌ಗಳು ಮತ್ತು 50 ಪೌಂಡ್ ತಾಳಿಕೆಯ ಹೆಣೆದ ದಾರ ಸುತ್ತಿದ ಮಧ್ಯಮ ಗಾತ್ರದ ರೀಲ್‌ಗಳು. ನೂರು ಪೌಂಡ್ ದಾಟಿದ ಮೀನು ಕಚ್ಚಿದರೆ ಇವುಗಳಿಂದ ಮೇಲಕ್ಕೆ ತರಲು ಸಾಧ್ಯವೇ? ತಂದರೂ ಅಷ್ಟು ದೊಡ್ಡ ಮೀನನ್ನು ಸಣ್ಣ ದೋಣಿಯಲ್ಲಿ ಹತೋಟಿಗೆ ತರುವುದು ಹೇಗೆ? ಬಂದೂಕು ಬೇಕೇ ಬೇಕೆಂದು ಕೆಲವರು ಹೇಳುತ್ತಾರೆ, ನಿಜವೇ?

ಉತ್ತರ: ಸಾಧ್ಯ. ಸಮುದ್ರದ ತಳದಿಂದ ನೀರಿನ ಮೇಲ್ಮೈವರೆಗೆ ಆ ಮೀನನ್ನು ತರಲು ನಿಮ್ಮ ಸಲಕರಣೆ ಧಾರಾಳವಾಗಿ ಸಾಕು. ಸಾಲದೇ ಬರುವುದು ಮೇಲ್ಮೈಯಿಂದ ದೋಣಿಯೊಳಗೆ ತರುವ ಕೊನೆಯ ಒಂದು ಮೀಟರಿಗೆ; ಆ ಒಂದು ಮೀಟರಿಗೆ ಎಷ್ಟು ದುಬಾರಿಯ ರಾಡೂ ಸಾಲದು. ಆದ್ದರಿಂದ ಹೊಸ ರಾಡಿಗೆ ಹಣ ಸುರಿಯುವ ಬದಲು ಹಗ್ಗ, ಈಟಿ ಮತ್ತು ಬೋಯಗಳಿಗೆ (ನೀರಿನ ಮೇಲೆ ತೇಲುವ ಬುರುಡೆಗಳಿಗೆ) ಅದರಲ್ಲಿ ಸ್ವಲ್ಪ ಭಾಗವನ್ನು ತೆಗೆದಿಡಿ ಎಂಬುದು ನನ್ನ ಮೊದಲ ಸಲಹೆ.

ಹೀಗೆ ಹೇಳಲು ಕಾರಣವಿದೆ. ಮೀನಿನ ಮೈಯ ಸಾಂದ್ರತೆ ಸಮುದ್ರದ ನೀರಿಗಿಂತ ಸ್ವಲ್ಪವೇ ಹೆಚ್ಚು. ನೆಲದ ಮೇಲೆ 45 ಕಿಲೋ ತೂಗುವ ಹ್ಯಾಲಿಬಟ್ ನೀರಿನೊಳಗಿದ್ದಾಗ ನಿಮ್ಮ ದಾರದ ಮೇಲೆ ಹೊರಿಸುವ ಭಾರ ಎರಡು ಕಿಲೋದ ಆಸುಪಾಸು ಮಾತ್ರ. ಉಳಿದದ್ದೆಲ್ಲ ಅದರ ಸ್ನಾಯುಗಳ ಬಲ ಮತ್ತು ಅಗಲವಾದ ಮೈಗೆ ನೀರು ಒಡ್ಡುವ ತಡೆ. ಸ್ನಾಯು ದಣಿಯುತ್ತದೆ, ತಡೆಯನ್ನು ತಾಳ್ಮೆಯಿಂದ ಗೆಲ್ಲಬಹುದು. ಆದರೆ ಮೀನಿನ ತಲೆ ನೀರಿನಿಂದ ಹೊರಗೆ ಬಂದ ಗಳಿಗೆಯಿಂದ ಅದರ ನಿಜವಾದ ತೂಕ ದಾರದ ಮೇಲೆ ಬೀಳತೊಡಗುತ್ತದೆ. ಅದರ ಜೊತೆಗೆ ಮೀನು ತಲೆಯನ್ನೊಮ್ಮೆ ಜಾಡಿಸಿತೆಂದರೆ 50 ಪೌಂಡಿನ ದಾರವಾಗಲಿ, ಅದರ ಗಂಟಾಗಲಿ, ಮೀನಿನ ತುಟಿಯಾಗಲಿ, ಮೂರರಲ್ಲಿ ಒಂದು ಕಿತ್ತುಹೋಗುತ್ತದೆ. ದೊಡ್ಡ ಹ್ಯಾಲಿಬಟ್‌ಗಳು ತಪ್ಪಿಸಿಕೊಳ್ಳುವುದು ಹೆಚ್ಚಾಗಿ ಆಳದಲ್ಲಲ್ಲ, ದೋಣಿಯ ಪಕ್ಕದಲ್ಲಿ, ಎಲ್ಲರೂ ಎದ್ದು ನಿಂತು ನೋಡುತ್ತಿರುವಾಗ.

ಮೀನಿನ ಬಗ್ಗೆ ಕೆಲವು ಮಾತು. ಹೋಮರ್‌ನ ಕಾಚೆಮ್ಯಾಕ್ ಕೊಲ್ಲಿಯಲ್ಲೂ ಅದರಾಚೆಯ ಕುಕ್ ಇನ್ಲೆಟ್ ಎಂಬ ಕಡಲತೋಳಿನಲ್ಲೂ ಸಿಗುವುದು ಪೆಸಿಫಿಕ್ ಹ್ಯಾಲಿಬಟ್. ನಿಮ್ಮೂರಿನ ನಂಗು ಮೀನಿನ ಹಾಗೆ ಇದೂ ಚಪ್ಪಟೆ ಮೀನುಗಳ ಬಳಗದ್ದೇ. ನಂಗಿಗೆ ಎರಡೂ ಕಣ್ಣುಗಳು ಎಡಮಗ್ಗುಲಿನಲ್ಲಿದ್ದರೆ ಇದಕ್ಕೆ ಸಾಮಾನ್ಯವಾಗಿ ಬಲಮಗ್ಗುಲಿನಲ್ಲಿರುತ್ತವೆ. ಹೋಲಿಕೆ ಅಲ್ಲಿಗೆ ಮುಗಿಯುತ್ತದೆ. ಅಂಗೈಯಗಲದ ನಂಗನ್ನು ನೋಡಿ ಬೆಳೆದ ಕಣ್ಣಿಗೆ ಹ್ಯಾಲಿಬಟ್‌ನ ಗಾತ್ರ ನಂಬಲಾಗದ್ದು: ರಾಡ್ ಮತ್ತು ರೀಲಿನಿಂದ ಹಿಡಿದವುಗಳಲ್ಲಿ ಅಲಾಸ್ಕದ ದಾಖಲೆಯ ಮೀನು 1996ರಲ್ಲಿ ಉನಲಾಸ್ಕ ದ್ವೀಪದ ಬಳಿ ಸಿಕ್ಕಿದ್ದು, ಅದರ ತೂಕ 459 ಪೌಂಡ್, ಎಂದರೆ 208 ಕಿಲೋ. ಒಂದು ಮೀಟರ್ ಉದ್ದದ ಮೀನು ಸುಮಾರು 12ರಿಂದ 13 ಕಿಲೋ ತೂಗುತ್ತದೆ, 120 ಸೆಂಟಿಮೀಟರಿನದು 22 ಕಿಲೋದ ಆಸುಪಾಸು, 150 ಸೆಂಟಿಮೀಟರಿನದು 45 ಕಿಲೋ ದಾಟುತ್ತದೆ, 180 ಸೆಂಟಿಮೀಟರಿನದು 80 ಕಿಲೋ ದಾಟುತ್ತದೆ. ಉದ್ದ ಒಂದೂಕಾಲು ಪಟ್ಟಾದರೆ ತೂಕ ಎರಡು ಪಟ್ಟಾಗುತ್ತದೆ ಎಂಬುದನ್ನು ನೆನಪಿಡಿ. ದೋಣಿಯ ಅಂಚಿನಿಂದ ಬಗ್ಗಿ ನೋಡಿ ಮೀನಿನ ತೂಕ ಅಂದಾಜಿಸುವವರು ಎಡವುವುದು ಈ ಲೆಕ್ಕದಲ್ಲೇ.

ಈಗ ನಿಮ್ಮ ರೀಲಿನ ವಿಷಯ. ಡ್ರ್ಯಾಗ್ ಅನ್ನು, ಎಂದರೆ ಮೀನು ಎಳೆದಾಗ ದಾರ ಎಷ್ಟು ಬಲಕ್ಕೆ ಬಿಟ್ಟುಕೊಡಬೇಕು ಎಂಬ ಬಿಗಿಯನ್ನು, ದಾರದ ತಾಳಿಕೆಯ ಕಾಲು ಭಾಗದಿಂದ ಮೂರನೆಯ ಒಂದು ಭಾಗದೊಳಗೆ ಇಡುವುದು ವಾಡಿಕೆ. ನಿಮ್ಮ 50 ಪೌಂಡಿನ ದಾರಕ್ಕೆ ಅದು 12ರಿಂದ 16 ಪೌಂಡ್, ಸುಮಾರು ಐದೂವರೆಯಿಂದ ಏಳು ಕಿಲೋ. ಇದನ್ನು ಕೈಯಂದಾಜಿನಲ್ಲಿ ಮಾಡಬೇಡಿ. ಬಂದರಿನಲ್ಲಿರುವಾಗಲೇ ದಾರದ ತುದಿಯನ್ನು ಒಂದು ಸ್ಪ್ರಿಂಗ್ ತಕ್ಕಡಿಯ ಕೊಕ್ಕೆಗೆ ಕಟ್ಟಿ, ಒಬ್ಬರು ತಕ್ಕಡಿಯನ್ನು ನೇರವಾಗಿ ಎಳೆಯುತ್ತಿರಲಿ, ಇನ್ನೊಬ್ಬರು ರಾಡನ್ನು ನೆಲಕ್ಕೆ ಸಮಾನಾಂತರವಾಗಿ ದಾರದ ದಿಕ್ಕಿಗೇ ಚಾಚಿ ಹಿಡಿಯಲಿ, ಮುಳ್ಳು ಆರು ಕಿಲೋ ತೋರಿಸುವಾಗ ದಾರ ನಿಧಾನವಾಗಿ ಜಾರತೊಡಗುವಂತೆ ಬಿಗಿಯನ್ನು ಹೊಂದಿಸಿ. ದಾರ ತಡವರಿಸಿ ತಡವರಿಸಿ ಹೊರಬಂದರೆ ಆ ರೀಲಿನ ಡ್ರ್ಯಾಗ್ ಬಿಲ್ಲೆಗಳು ಸವೆದಿವೆ ಅಥವಾ ಅಂಟಿಕೊಂಡಿವೆ ಎಂದರ್ಥ. ಸಾಮನ್‌ಗೆ ನಡೆದುಹೋಗುವ ಆ ದೋಷ ಇಲ್ಲಿ ನಡೆಯದು. ಬಿಗಿ ಹೊಂದಿಸಿದ ಮೇಲೆ ಅದೇ ಭಾರವನ್ನು ರಾಡ್ ಬಗ್ಗಿಸಿ ಎತ್ತಿ ನೋಡಿ. ಆರು ಕಿಲೋ ಎಂದರೆ ಏನು ಮಹಾ ಎಂದುಕೊಂಡವರಿಗೆ ಏಳಡಿಯ ಸನ್ನೆಕೋಲಿನ ಬುಡದಲ್ಲಿ ಅದು ಎಷ್ಟಾಗುತ್ತದೆ ಎಂಬುದು ಮೊಣಕೈಗೆ ತಿಳಿಯುತ್ತದೆ.

ಇನ್ನೊಂದು ಸೂಕ್ಷ್ಮವನ್ನು ಬಹಳ ಜನ ಗಮನಿಸುವುದಿಲ್ಲ. ರೀಲಿನ ಸುರುಳಿಯಿಂದ ದಾರ ಹೊರಹೋದಂತೆಲ್ಲ ಸುರುಳಿಯ ವ್ಯಾಸ ಕಿರಿದಾಗುತ್ತದೆ, ವ್ಯಾಸ ಕಿರಿದಾದಷ್ಟೂ ಅದೇ ಡ್ರ್ಯಾಗ್ ದಾರದ ಮೇಲೆ ಹೆಚ್ಚು ಬಿಗಿಯಾಗಿ ಕೂರುತ್ತದೆ. ಸುರುಳಿ ಅರ್ಧ ವ್ಯಾಸಕ್ಕೆ ಇಳಿದರೆ ಆರು ಕಿಲೋ ಇದ್ದ ಬಿಗಿ ಹನ್ನೆರಡಾಗುತ್ತದೆ. ಜೊತೆಗೆ ನೀರಿನಲ್ಲಿ ಅಡ್ಡಲಾಗಿ ಬಾಗಿ ಎಳೆದಾಡುವ ಉದ್ದನೆಯ ದಾರವೂ ತನ್ನ ಪಾಲಿನ ಭಾರ ಸೇರಿಸುತ್ತದೆ. ಆದ್ದರಿಂದ ಮೀನು ದೂರ ಓಡಿದಾಗ ಗಾಬರಿಯಿಂದ ಡ್ರ್ಯಾಗ್ ಬಿಗಿ ಮಾಡುವುದು ತಲೆಕೆಳಗಾದ ಕ್ರಮ. ಆಗ ಮಾಡಬೇಕಾದದ್ದು ಬಿಗಿಯನ್ನು ಮುಟ್ಟದಿರುವುದು, ಇಲ್ಲವೇ ಒಂದು ಕೂದಲೆಳೆಯಷ್ಟು ಸಡಿಲಿಸಿ, ದೋಣಿಯನ್ನೇ ಮೀನಿನ ಕಡೆಗೆ ನಡೆಸುವುದು.

ಹೆಣೆದ ದಾರಕ್ಕೆ ಹಿಗ್ಗುವ ಗುಣವಿಲ್ಲ. ಅದರ ತುದಿಗೆ ಎಂಟು ಹತ್ತು ಮೀಟರಿನಷ್ಟು 50 ಅಥವಾ 60 ಪೌಂಡಿನ ನೈಲಾನ್ ಒಂಟಿದಾರ ಜೋಡಿಸಿದರೆ ಮೀನು ತಲೆ ಜಾಡಿಸುವ ಪೆಟ್ಟನ್ನು ಅದು ನುಂಗಿಕೊಳ್ಳುತ್ತದೆ. ಅದರ ಕೆಳಗೆ ಒಂದು ಮೀಟರಿಗಿಂತ ಕಡಿಮೆ ಉದ್ದದ, 100ರಿಂದ 150 ಪೌಂಡಿನ ದಪ್ಪ ಒಂಟಿದಾರವನ್ನು ಗಾಳಕ್ಕೆ ಕಟ್ಟಿ, ಏಕೆಂದರೆ ಹ್ಯಾಲಿಬಟ್‌ನ ಹಲ್ಲುಗಳು ಚೂಪಾಗಿದ್ದು ತೆಳುವಾದ ದಾರವನ್ನು ಉಜ್ಜಿ ಉಜ್ಜಿ ಕತ್ತರಿಸುತ್ತವೆ. ಗಾಳ ವೃತ್ತಾಕಾರದ್ದೇ ಇರಲಿ, ಆ ಕಡಲಿನಲ್ಲಿ 16/0 ಎಂಬ ಅಳತೆ ಸಾಮಾನ್ಯ. ಈ ಗಾಳ ಮೀನಿನ ದವಡೆಯ ಮೂಲೆಯಲ್ಲಿ ತಾನಾಗಿ ತಿರುಗಿ ಕೂರುತ್ತದೆ. ಕಚ್ಚಿದ್ದು ತಿಳಿದ ತಕ್ಷಣ ರಾಡನ್ನು ಮೇಲಕ್ಕೆ ಜಗ್ಗಿದರೆ ಬಾಯಿಂದ ಹೊರಗೇ ಬರುತ್ತದೆ. ರಾಡ್ ತಾನಾಗಿ ಬಾಗಿ ಭಾರ ನಿಲ್ಲುವವರೆಗೆ ಕಾದು, ನಂತರ ರೀಲನ್ನು ತಿರುಗಿಸಿ, ಅಷ್ಟೇ. ಎರೆಗೆ ಹೆರಿಂಗ್ ಮೀನು, ಅಷ್ಟಪಾದಿಯ ತುಂಡು ಅಥವಾ ಸಾಮನ್‌ನ ತಲೆ ಚೆನ್ನಾಗಿ ನಡೆಯುತ್ತವೆ.

ನಿಮ್ಮ ರಾಡಿನ ನಿಜವಾದ ಕೊರತೆ ಮೀನಿನ ಮುಂದೆ ಕಾಣುವುದಿಲ್ಲ, ಎರೆಯನ್ನು ತಳಕ್ಕಿಳಿಸಲು ಕಟ್ಟುವ ಸೀಸದ ಭಾರದ ಮುಂದೆ ಕಾಣುತ್ತದೆ. ನಮ್ಮ ಕರಾವಳಿಯ ಉಬ್ಬರ ಇಳಿತಗಳ ಅಂತರ ಸುಮಾರು ಎರಡು ಮೀಟರಿನೊಳಗೇ ಇರುತ್ತದೆ. ಕಾಚೆಮ್ಯಾಕ್ ಕೊಲ್ಲಿಯಲ್ಲಿ ಅಮಾವಾಸ್ಯೆ ಹುಣ್ಣಿಮೆಗಳ ಹೊತ್ತಿಗೆ ಅದು ಏಳು ಮೀಟರ್ ದಾಟುವುದುಂಟು. ಅಷ್ಟು ನೀರು ಒಳಗೆ ನುಗ್ಗಿ ಹೊರಗೆ ಹರಿಯುವಾಗ ಎರೆಯನ್ನು ತಳದಲ್ಲಿ ನಿಲ್ಲಿಸಲು ಒಂದು ಕಿಲೋ, ಕೆಲವೊಮ್ಮೆ ಅದಕ್ಕೂ ಮೀರಿದ ಸೀಸ ಬೇಕಾಗುತ್ತದೆ. ಸಾಮನ್ ರಾಡಿನಿಂದ ಒಂದು ಕಿಲೋ ಸೀಸವನ್ನು ಐವತ್ತು ಮೀಟರ್ ಆಳದಿಂದ ದಿನವಿಡೀ ಎತ್ತುವುದು ರಾಡಿಗೂ ಹಿತವಲ್ಲ, ಎತ್ತುವವರಿಗೂ ಅಲ್ಲ. ಹೀಗಾಗಿ ಸಲಕರಣೆ ಸಾಧಾರಣವಾಗಿದ್ದವರು ಸಮಯವನ್ನು ಆರಿಸಿಕೊಳ್ಳಬೇಕು. ಪ್ರವಾಸದ ದಿನಗಳು ಅಷ್ಟಮಿಯ ಆಸುಪಾಸಿಗೆ ಬೀಳುವಂತೆ ನೋಡಿಕೊಳ್ಳಿ, ಆಗ ಸೆಳೆತ ಕಡಿಮೆ. ದಿನದಲ್ಲಿಯೂ ಉಬ್ಬರ ತಿರುಗಿ ಇಳಿತವಾಗುವ ಮೊದಲಿನ ಹಾಗೂ ನಂತರದ ಸುಮಾರು ಒಂದೊಂದು ಗಂಟೆ ನಿಮ್ಮದು. ಕಾಲು ಕಿಲೋದಿಂದ ಅರ್ಧ ಕಿಲೋ ಸೀಸ ಆಗ ತಳ ಮುಟ್ಟಿ ನಿಲ್ಲುತ್ತದೆ. ನಿಮ್ಮ ತೆಳುವಾದ ಹೆಣೆದ ದಾರ ಇಲ್ಲಿ ಅನುಕೂಲವೇ ಹೊರತು ಕೊರತೆಯಲ್ಲ, ದಪ್ಪ ದಾರಕ್ಕಿಂತ ಅದನ್ನು ನೀರು ಕಡಿಮೆ ಸೆಳೆಯುತ್ತದೆ.

ಲಂಗರು ಹಾಕುವುದಾದರೆ ದೋಣಿಯ ಮುಂಭಾಗದಿಂದಲೇ ಹಾಕಬೇಕು. ಹಿಂಭಾಗಕ್ಕೆ ಕಟ್ಟಿದ ಲಂಗರು ಆ ಸೆಳೆತದಲ್ಲಿ ದೋಣಿಯ ಹಿಂಬದಿಯನ್ನು ತಗ್ಗಿಸಿ ನೀರು ತುಂಬಿಸುತ್ತದೆ, ಅಲ್ಲಿ ದೋಣಿ ಮುಳುಗಲು ಬಿರುಗಾಳಿಯೇನೂ ಬೇಕಿಲ್ಲ. ಲಂಗರಿನ ಹಗ್ಗಕ್ಕೆ ಬೋಯವೊಂದನ್ನು ಕಟ್ಟಿ, ದೋಣಿಗೆ ಕೊಂಡಿಯ ಮೂಲಕ ಜೋಡಿಸಿಡಿ. ದೊಡ್ಡ ಮೀನು ಕಚ್ಚಿದಾಗ ಕೊಂಡಿ ಕಳಚಿ ಬೋಯವನ್ನು ಅಲ್ಲೇ ತೇಲಲು ಬಿಟ್ಟು ಮೀನಿನ ಹಿಂದೆ ಹೋಗಬಹುದು. ನಿಮ್ಮ ಮೂವರಿಗೂ ಅಲ್ಲಿನ ನೀರು ಹೊಸದಾದ್ದರಿಂದ, ಸೆಳೆತ ತಗ್ಗಿದ ಹೊತ್ತಿನಲ್ಲಿ ಲಂಗರನ್ನೇ ಹಾಕದೆ ದೋಣಿಯನ್ನು ತೇಲಲು ಬಿಟ್ಟು ಗಾಳ ಹಾಕುವುದು ಇನ್ನೂ ಒಳ್ಳೆಯದೆಂದು ನನ್ನ ಅಭಿಪ್ರಾಯ.

ಮೀನು ಕಚ್ಚಿದ ಮೇಲೆ ಕೆಲಸ ಹಂಚಿಕೊಳ್ಳಿ. ಒಬ್ಬರ ಕೈಯಲ್ಲಿ ರಾಡ್, ಒಬ್ಬರ ಕೈಯಲ್ಲಿ ಎಂಜಿನ್, ಮೂರನೆಯವರು ಉಳಿದ ಗಾಳಗಳನ್ನು ಮೇಲೆಳೆದು ದೋಣಿಯ ತಳವನ್ನು ತೆರವು ಮಾಡಿ ಈಟಿ ಹಗ್ಗಗಳನ್ನು ಸಜ್ಜುಗೊಳಿಸಲಿ. ರಾಡನ್ನು ನೆಟ್ಟಗೆ ಮೇಲಕ್ಕೆತ್ತಿ ಹಿಡಿಯುವುದು ನೋಡಲು ಚೆಂದ, ಆದರೆ ಆಗ ಭಾರವೆಲ್ಲ ರಾಡಿನ ತೆಳುವಾದ ತುದಿಯ ಮೇಲೆ ಬಿದ್ದು ಅದು ಮುರಿಯುತ್ತದೆ. ಅಷ್ಟೇ ಅಲ್ಲ, ಮೀನಿನ ಮೇಲೆ ಬೀಳುವ ಒತ್ತಡವೂ ಕಡಿಮೆಯಾಗುತ್ತದೆ. ರಾಡಿನ ಕೋನ ನೀರಿನ ಮಟ್ಟದಿಂದ ನಲವತ್ತೈದು ಡಿಗ್ರಿಯನ್ನು ಮೀರದಿರಲಿ. ಸೊಂಟಕ್ಕೆ ಬಟ್ಟಲಿನ ಪಟ್ಟಿ ಕಟ್ಟಿಕೊಂಡು ರಾಡಿನ ಬುಡವನ್ನು ಅದರೊಳಗೆ ಊರಿ, ಬೆನ್ನನ್ನು ಬಗ್ಗಿಸದೆ ಮೊಣಕಾಲಿನಿಂದ ಎತ್ತಿ. ರಾಡ್ ತಗ್ಗುವಾಗ ರೀಲ್ ಸುತ್ತಿ. ಎತ್ತುವುದು ಗೇಣು ಗೇಣಾಗಿ ಸಾಕು. ಮುಖ್ಯವಾದದ್ದು ಬಿಡುವು ಕೊಡದಿರುವುದು. ಹ್ಯಾಲಿಬಟ್ ತಳದಲ್ಲಿ ಮೈ ಒತ್ತಿ ಕುಳಿತು ದಣಿವಾರಿಸಿಕೊಂಡಷ್ಟೂ ಮುಂದಿನ ಓಟಕ್ಕೆ ಬಲ ಕೂಡಿಸಿಕೊಳ್ಳುತ್ತದೆ, ಹಾಗಾಗಿ ಅದರ ತಲೆಯನ್ನು ತಳದಿಂದ ಮೊದಲು ಬಿಡಿಸಿ, ಬಿಡಿಸಿದ ಮೇಲೆ ಮರಳಿ ಇಳಿಯಗೊಡಬೇಡಿ.

ಸಾಧಾರಣ ಸಲಕರಣೆ ಇದ್ದವರು ಮೀನನ್ನು ಮೃದುವಾಗಿ ನಡೆಸಿಕೊಂಡು ಗಂಟೆಗಟ್ಟಲೆ ಆಡಿಸಬೇಕು ಎಂಬ ನಂಬಿಕೆಯಿದೆ. ಅದನ್ನು ನಾನು ಒಪ್ಪುವುದಿಲ್ಲ. ಬಹಳ ಹೊತ್ತು ಸೆಣಸಿದ ಮೀನಿನ ಸ್ನಾಯುಗಳಲ್ಲಿ ಲ್ಯಾಕ್ಟಿಕ್ ಆಮ್ಲ ಸೇರಿಕೊಂಡು, ಮಾಂಸ ಬೇಯಿಸುವ ಮೊದಲೇ ಬೆಂದಂತೆ ಬೆಳ್ಳಗೆ ಪುಡಿಪುಡಿಯಾಗುವ ದೋಷ ಹ್ಯಾಲಿಬಟ್‌ನಲ್ಲಿ ಹೆಸರಾದದ್ದು; ಸೀಮೆಸುಣ್ಣದಂತಹ ಹ್ಯಾಲಿಬಟ್ ಎಂದೇ ಅಲ್ಲಿನ ಮೀನು ವ್ಯಾಪಾರಿಗಳು ಅದನ್ನು ಕರೆಯುತ್ತಾರೆ. ಬಿಟ್ಟುಬಿಡುವ ಮೀನಾದರೂ ಅಷ್ಟೇ, ದಣಿವು ಹೆಚ್ಚಾದಷ್ಟೂ ಅದು ಬದುಕುಳಿಯುವ ಭರವಸೆ ಕಡಿಮೆ. ಡ್ರ್ಯಾಗನ್ನು ಮೊದಲೇ ಅಳೆದು ಇಟ್ಟಿದ್ದರೆ ನಿಮ್ಮ ದಾರ ತಾಳುವಷ್ಟು ಪೂರ್ತಿ ಬಲವನ್ನು ಅಂಜದೆ ಬಳಸಬಹುದು, ಹಾಗೆ ಬಳಸಿದರೆ ನೂರು ಪೌಂಡಿನ ಮೀನೂ ಸಾಮಾನ್ಯವಾಗಿ ಅರ್ಧ ಗಂಟೆಯ ಆಸುಪಾಸಿನಲ್ಲಿ ಮೇಲಕ್ಕೆ ಬರುತ್ತದೆ.

ಮೇಲಕ್ಕೆ ಬರುವ ರೀತಿಯನ್ನು ಮೊದಲೇ ತಿಳಿದಿರುವುದು ಒಳ್ಳೆಯದು. ಆಳದಲ್ಲಿ ಮೊದಲು ಮಸುಕಾದ ಕಂದು ನೆರಳೊಂದು ಮೂಡಿ, ಅದು ಇಷ್ಟು ಅಗಲವಿರಲಾರದೆಂದು ಕಣ್ಣು ನಂಬದಿರುವಷ್ಟರಲ್ಲಿ ಇನ್ನೂ ಅಗಲವಾಗುತ್ತ ಬರುತ್ತದೆ. ಹಸಿರು ಮಿಶ್ರಿತ ಕಂದು ಬೆನ್ನಿನ ಮೇಲಿನ ಚುಕ್ಕೆಗಳು ಕಾಣತೊಡಗಿ, ಎರಡು ಉಬ್ಬುಗಣ್ಣುಗಳು ಬೇರೆ ಬೇರೆಯಾಗಿ ಹೊರಳಿ ದೋಣಿಯತ್ತ ನೋಡುತ್ತವೆ. ಆಗ ಮೀನು ದಣಿದಂತೆ, ಸೋತು ಒಪ್ಪಿಕೊಂಡಂತೆ ತೋರುತ್ತದೆ. ಅದು ಸೋತಿರುವುದಿಲ್ಲ. ದೋಣಿಯ ನೆರಳೋ ಬೆಳಕೋ ತಾಗಿದ ಕೂಡಲೇ ಮೈ ಹೊರಳಿಸಿ, ಬಿಳಿಯ ಹೊಟ್ಟೆ ಒಮ್ಮೆ ಮಿಂಚಿ, ನೇರವಾಗಿ ತಳಕ್ಕೆ ಧುಮುಕುತ್ತದೆ. ಆ ಮೊದಲ ಧುಮುಕಿಗೆ ರಾಡ್ ಹಿಡಿದವರು ತುದಿಯನ್ನು ನೀರಿನತ್ತ ತಗ್ಗಿಸಿ, ರೀಲಿನ ಹಿಡಿಯಿಂದ ಕೈ ತೆಗೆದು, ದಾರ ಹೋಗಲು ಬಿಡಬೇಕು; ಎದುರು ನಿಂತು ತಡೆದರೆ ರಾಡನ್ನು ದೋಣಿಯ ಅಂಚಿಗೆ ಬಡಿಸಿ ಮುರಿದುಬಿಡುತ್ತದೆ. ಇಂಥ ಓಟ ಎರಡು ಮೂರು ಬಾರಿ ಆಗಬಹುದು. ದೊಡ್ಡ ಮೀನಿಗೆ ಮೊದಲ ಬಾರಿ ಮೇಲೆ ಬಂದಾಗಲೇ ಈಟಿ ಎತ್ತುವ ಆತುರ ಬೇಡ.

ಅದು ಮೊದಲ ಬಾರಿ ಕಾಣಿಸಿದಾಗ ಮಾಡಬೇಕಾದ ಕೆಲಸ ಬೇರೆ: ಇಟ್ಟುಕೊಳ್ಳುವ ಮೀನೋ ಬಿಡುವ ಮೀನೋ ಎಂದು ತೀರ್ಮಾನಿಸುವುದು. ಈಟಿಯ ಹಿಡಿಕೆಯ ಮೇಲೆ 120, 150 ಮತ್ತು 180 ಸೆಂಟಿಮೀಟರುಗಳಿಗೆ ಬಣ್ಣದ ಗುರುತು ಹಾಕಿಟ್ಟುಕೊಂಡರೆ ನೀರಿನಲ್ಲಿರುವಾಗಲೇ ಉದ್ದ ಅಳೆಯಬಹುದು. ನೂರು ಪೌಂಡ್ ದಾಟಿದ ಹ್ಯಾಲಿಬಟ್ ಬಹುಪಾಲು ಹೆಣ್ಣೇ ಆಗಿರುತ್ತದೆ. ಹೆಣ್ಣು ಮೊಟ್ಟೆಯಿಡುವ ವಯಸ್ಸಿಗೆ ಬರಲು ಸುಮಾರು ಹನ್ನೆರಡು ವರ್ಷ ಬೇಕು, ಗಾತ್ರ ಹೆಚ್ಚಿದಂತೆ ಮೊಟ್ಟೆಗಳ ಸಂಖ್ಯೆಯೂ ಹೆಚ್ಚುತ್ತದೆ, ಭಾರಿ ಹೆಣ್ಣುಗಳು ವರ್ಷಕ್ಕೆ ಲಕ್ಷಗಟ್ಟಲೆ ಮೊಟ್ಟೆಯಿಡುತ್ತವೆ. ಊಟಕ್ಕೆ ಹತ್ತರಿಂದ ಇಪ್ಪತ್ತು ಕಿಲೋದ ಮೀನೇ ರುಚಿಯೆಂಬುದು ಆ ಬಂದರುಗಳಲ್ಲಿ ಹಲವರ ಮಾತು, ನನ್ನ ಅನುಭವವೂ ಅದೇ. ಮೂವರ ಮನೆಗೆ ಬೇಕಾದಷ್ಟು ಮೀನು ಆ ಗಾತ್ರದಲ್ಲೇ ಸಿಗುತ್ತದೆ. ದೊಡ್ಡದನ್ನು ಬಿಟ್ಟುಬಿಡಿ ಎಂದು ನಾನು ಮನಸಾರೆ ಕೇಳಿಕೊಳ್ಳುತ್ತೇನೆ, ನಿರ್ಧಾರ ನಿಮ್ಮದು.

ಬಿಡುವುದಾದರೆ ಅದರಷ್ಟು ಸುಲಭವಾಗಿ ಬಿಡಬಹುದಾದ ದೊಡ್ಡ ಮೀನು ಕಡಿಮೆ. ಹ್ಯಾಲಿಬಟ್‌ಗೆ ಗಾಳಿಚೀಲ ಇಲ್ಲದ್ದರಿಂದ ಆಳದಿಂದ ಮೇಲೆ ಬಂದರೂ ಹೊಟ್ಟೆ ಉಬ್ಬಿ ಕಣ್ಣು ಹೊರಚಾಚುವ ತೊಂದರೆ ಅದಕ್ಕಿಲ್ಲ. ನೀರಿನಿಂದ ಎತ್ತಬೇಡಿ, ಕೊಕ್ಕೆಯಿಂದ ಚುಚ್ಚಬೇಡಿ, ಬಾಲ ಹಿಡಿದು ತೂಗಬೇಡಿ. ಬಾಲದಿಂದ ತೂಗಿದ ಭಾರಿ ಮೀನಿನ ಬೆನ್ನೆಲುಬಿನ ಕೀಲುಗಳಿಗೆ ಪೆಟ್ಟಾಗುತ್ತದೆ. ಉದ್ದ ಹಿಡಿಕೆಯ ಗಾಳ ಕಳಚುವ ಕೋಲಿನಿಂದ ದವಡೆಯ ಮೂಲೆಯ ಗಾಳವನ್ನು ತಿರುಗಿಸಿ ತೆಗೆಯಿರಿ, ಆಗದಿದ್ದರೆ ಬಾಯಿಯ ಹತ್ತಿರವೇ ದಾರ ಕತ್ತರಿಸಿ. ಚಿತ್ರ ತೆಗೆಯುವುದಿದ್ದರೆ ಅದು ನೀರಿನಲ್ಲಿರುವಾಗಲೇ ತೆಗೆದುಕೊಳ್ಳಿ.

ಇಟ್ಟುಕೊಳ್ಳುವುದೆಂದು ನಿಶ್ಚಯಿಸಿದರೆ ಮುಂದಿನ ಮಾತುಗಳನ್ನು ದಯವಿಟ್ಟು ಎರಡು ಬಾರಿ ಓದಿ. ಜೀವಂತವಾಗಿರುವ ದೊಡ್ಡ ಹ್ಯಾಲಿಬಟ್ ಸಣ್ಣ ದೋಣಿಯೊಳಗೆ ಬರಲೇಬಾರದು. 1973ರಲ್ಲಿ ಆಗ್ನೇಯ ಅಲಾಸ್ಕದ ಪೀಟರ್ಸ್‌ಬರ್ಗ್‌ನ ಅನುಭವಿ ಮೀನುಗಾರರೊಬ್ಬರು ಒಬ್ಬಂಟಿಯಾಗಿದ್ದಾಗ ಸುಮಾರು 150 ಪೌಂಡಿನ ಹ್ಯಾಲಿಬಟ್ ಅನ್ನು ದೋಣಿಗೆ ಎತ್ತಿಕೊಂಡರು. ಅದು ಬಡಿದಾಡಿ ಅವರ ಕಾಲು ಮುರಿದು, ರಕ್ತನಾಳ ಕಡಿದು, ಅವರು ಅಲ್ಲೇ ಪ್ರಾಣಬಿಟ್ಟರು. ಆ ಮೀನಿನ ಇಡೀ ಮೈ ಬಾಲವನ್ನು ಬೀಸುವುದಕ್ಕೆಂದೇ ಇರುವ ಸ್ನಾಯುವಿನ ಹಲಗೆ. ನೀರಿನಲ್ಲಿ ಆ ಬಲ ನೀರನ್ನು ತಳ್ಳುವುದಕ್ಕೆ ಖರ್ಚಾಗುತ್ತದೆ, ದೋಣಿಯೊಳಗೆ ಮನುಷ್ಯರ ಕಾಲಿನ ಮೇಲೆ, ಇಂಧನದ ಡಬ್ಬಿಯ ಮೇಲೆ, ಎಂಜಿನ್ನಿನ ತಂತಿಗಳ ಮೇಲೆ ಬೀಳುತ್ತದೆ.

ಆದ್ದರಿಂದ ರಾಡಿನ ಕೆಲಸ ಮುಗಿಯುವ ಹೊತ್ತಿಗೆ ಹಗ್ಗದ ಕೆಲಸ ಶುರುವಾಗಬೇಕು. ನಿಮಗೆ ಬೇಕಾದದ್ದು ತಲೆ ಕಳಚಿಕೊಳ್ಳುವ ಈಟಿ, ಅಂದರೆ ಚುಚ್ಚಿದ ಮೇಲೆ ಹಿಡಿಕೆ ಕೈಯಲ್ಲುಳಿದು ಲೋಹದ ಮೊನೆ ಮಾತ್ರ ಮೀನಿನಲ್ಲಿ ಉಳಿಯುವ ಹಾರ್ಪೂನ್. ಮೊನೆಗೆ ಉಕ್ಕಿನ ತಂತಿ, ತಂತಿಗೆ ಮೂರು ಮೀಟರಿನಷ್ಟು ಗಟ್ಟಿ ಹಗ್ಗ, ಹಗ್ಗದ ತುದಿಗೆ ಗಾಳಿ ತುಂಬಿದ ದೊಡ್ಡ ಬೋಯ. ಹಗ್ಗವನ್ನು ದೋಣಿಯ ಗೂಟಕ್ಕೆ ಕಟ್ಟುವವರೂ ಇದ್ದಾರೆ, ಆದರೆ ಇಪ್ಪತ್ತಡಿಯ ದೋಣಿಗೆ ನಾನು ಬೋಯವನ್ನೇ ಹೇಳುತ್ತೇನೆ: ಮೀನು ಎಷ್ಟೇ ಎಗರಿದರೂ ಅದು ಬೋಯದೊಂದಿಗೆ ಎಗರುತ್ತದೆ, ದೋಣಿಯ ಒಂದು ಮಗ್ಗುಲನ್ನು ಜಗ್ಗುವುದಿಲ್ಲ. ಹಗ್ಗವನ್ನು ಯಾರೂ ಕೈಗಾಗಲಿ ಸೊಂಟಕ್ಕಾಗಲಿ ಸುತ್ತಿಕೊಳ್ಳಕೂಡದು, ಸುರುಳಿಯ ನಡುವೆ ಕಾಲಿಟ್ಟು ನಿಲ್ಲಲೂಕೂಡದು.

ಈಟಿ ಹಾಕುವ ಕ್ರಮ ಹೀಗೆ. ರಾಡ್ ಹಿಡಿದವರು ದೋಣಿಯ ಮುಂಭಾಗಕ್ಕೆ ಸರಿದು, ಮೀನಿನ ತಲೆ ನೀರಿನ ಮೇಲ್ಮೈಗಿಂತ ಒಂದು ಗೇಣು ಕೆಳಗೇ ಉಳಿಯುವಂತೆ ದಾರವನ್ನು ಬಿಗಿಯಾಗಿ, ಆದರೆ ಎತ್ತದೆ, ಹಿಡಿಯಬೇಕು. ತಲೆ ಹೊರಗೆ ಬಂದರೆ ಗಾಳಿ ತಾಗಿದ ಮೀನು ಹುಚ್ಚೆದ್ದು ಬಡಿಯುತ್ತದೆ. ಚಪ್ಪಟೆಯಾಗಿ ಮಲಗಿರುವ ಮೀನಿನ ಕಿವಿರಿನ ಮುಚ್ಚಳದ ಸ್ವಲ್ಪ ಹಿಂದೆ, ಬೆನ್ನೆಲುಬಿನ ಹತ್ತಿರ ಗುರಿಯಿಟ್ಟು, ಓರೆಯಾಗಿ ಅಲ್ಲ, ನೇರವಾಗಿ ಮೇಲಿನಿಂದ ಕೆಳಕ್ಕೆ, ಎರಡೂ ಕೈಯಿಂದ ಒಂದೇ ಬಾರಿಗೆ ಒತ್ತಿ. ಮೊನೆ ಆಚೆಬದಿಯಿಂದ ಪೂರ್ತಿ ಹೊರಬಂದು ಅಡ್ಡ ತಿರುಗಬೇಕು, ಆಗಲೇ ಅದು ಹಿಡಿಯುತ್ತದೆ. ಅರೆಮನಸ್ಸಿನಿಂದ ಚುಚ್ಚಿದರೆ ಮೊನೆ ಮಾಂಸದಲ್ಲೇ ನಿಂತು, ಮುಂದಿನ ಎಳೆತಕ್ಕೆ ಕಿತ್ತುಬರುತ್ತದೆ. ಬಾಲದ ಕಡೆ ಚುಚ್ಚಬೇಡಿ, ಅಲ್ಲಿ ಹಿಡಿತವೂ ಇಲ್ಲ, ಒಳ್ಳೆಯ ಮಾಂಸವೂ ಹಾಳು. ಚುಚ್ಚಿದ ಕ್ಷಣವೇ ಹಿಡಿಕೆಯನ್ನು ಎಳೆದುಕೊಂಡು, ಬೋಯವನ್ನು ನೀರಿಗೆ ಎಸೆದು, ಹಿಂದೆ ಸರಿಯಿರಿ. ರಾಡ್ ಹಿಡಿದವರು ಡ್ರ್ಯಾಗ್ ಸಡಿಲಿಸಲಿ. ಮುಂದಿನ ಐದು ನಿಮಿಷ ಬೋಯ ಮುಳುಗಿ ಏಳುತ್ತಿರುತ್ತದೆ, ಅದನ್ನು ನೋಡುತ್ತಿರುವುದನ್ನು ಬಿಟ್ಟು ಮಾಡಬೇಕಾದದ್ದೇನೂ ಇಲ್ಲ.

ಹಾರ್ಪೂನ್ ಸಿಗದಿದ್ದರೆ ನಾರ್ವೆಯ ಉತ್ತರ ಕರಾವಳಿಯಲ್ಲಿ ಅಟ್ಲಾಂಟಿಕ್ ಹ್ಯಾಲಿಬಟ್‌ಗೆ ಬಳಸುವ ಉಪಾಯವಿದೆ. ದಪ್ಪ ಉಕ್ಕಿನ ದೊಡ್ಡ ಕೊಕ್ಕೆಯೊಂದನ್ನು ಗಟ್ಟಿ ಹಗ್ಗಕ್ಕೆ ಕಟ್ಟಿಟ್ಟುಕೊಂಡು, ದಣಿದ ಮೀನಿನ ಕೆಳದವಡೆಯ ಹಿಂದಿನ ಮೃದುವಾದ ಪೊರೆಯ ಮೂಲಕ ಅದನ್ನು ತೂರಿಸುತ್ತಾರೆ. ಮೂಳೆಯ ಚೌಕಟ್ಟಿಗೆ ಸಿಕ್ಕಿಕೊಂಡ ಆ ಕೊಕ್ಕೆ ಕಿತ್ತುಬರುವುದಿಲ್ಲ. ಇದಕ್ಕೆ ಮೀನು ಹೆಚ್ಚು ದಣಿದಿರಬೇಕು, ಕೈಯೂ ಅದರ ಬಾಯಿಗೆ ಹೆಚ್ಚು ಹತ್ತಿರ ಹೋಗಬೇಕಾಗುತ್ತದೆ. ಮೊದಲ ಬಾರಿಗೆ ಹೋಗುತ್ತಿರುವ ನಿಮಗೆ ಈಟಿಯೇ ವಾಸಿ. ಕೈಯಲ್ಲಿ ಹಿಡಿಯುವ ಸಾಮಾನ್ಯ ಕೊಕ್ಕೆ ಇಪ್ಪತ್ತು ಕಿಲೋದೊಳಗಿನ ಮೀನಿಗೆ ಸಾಕು. ಅದಕ್ಕೂ ದೊಡ್ಡ ಮೀನು ಕೊಕ್ಕೆಯೊಂದಿಗೆ ಸುತ್ತಿ ತಿರುಗಿದರೆ ಮಣಿಕಟ್ಟು ಉಳಿಯುವುದಿಲ್ಲ.

ಬೋಯದ ಓಡಾಟ ನಿಂತ ಮೇಲೆ ಹಗ್ಗವನ್ನು ಮೆಲ್ಲಗೆ ಎಳೆದು ಮೀನನ್ನು ದೋಣಿಯ ಪಕ್ಕಕ್ಕೆ ತಂದು, ಬಾಲದ ಬುಡದ ಕಿರಿದಾದ ಭಾಗಕ್ಕೆ ಉರುಳುಗಂಟಿನ ಹಗ್ಗ ಬಿಗಿಯಿರಿ. ಬಾಲ ಕಟ್ಟಿದ ಹ್ಯಾಲಿಬಟ್‌ಗೆ ಮುಕ್ಕಾಲು ಬಲ ಇಲ್ಲವಾಗುತ್ತದೆ. ನಂತರ ಉದ್ದ ಚಾಕುವಿನಿಂದ ಕಿವಿರಿನ ಕೆಂಪು ಕಮಾನುಗಳನ್ನು ಕತ್ತರಿಸಿ, ನೀರಿನಲ್ಲೇ ಹತ್ತು ಹದಿನೈದು ನಿಮಿಷ ರಕ್ತ ಹರಿಯಲು ಬಿಡಿ. ಇದರಿಂದ ಮೀನು ಸಾಯುತ್ತದೆ, ಮಾಂಸವೂ ಬೆಳ್ಳಗೆ ಶುಚಿಯಾಗಿ ಉಳಿಯುತ್ತದೆ. ಸತ್ತಿದೆ ಎಂದು ಖಚಿತವಾದ ಮೇಲೂ ಬಾಲದ ಹಗ್ಗವನ್ನು ತಲೆಯ ಕಡೆಗೆ ಎಳೆದು, ದವಡೆಯ ಅಥವಾ ಕಿವಿರಿನ ಮೂಲಕ ಹಾಯಿಸಿದ ಹಗ್ಗಕ್ಕೆ ಬಿಗಿದು, ಮೈ ಬಿಲ್ಲಿನಂತೆ ಬಾಗಿರುವಂತೆ ಕಟ್ಟಿ, ಏಕೆಂದರೆ ಸತ್ತ ಹ್ಯಾಲಿಬಟ್‌ನ ಸ್ನಾಯುಗಳು ಬಹಳ ಹೊತ್ತಿನ ನಂತರವೂ ಸೆಟೆದು ಬಡಿಯುವುದುಂಟು. ಒಳಗೆ ಎಳೆಯುವಾಗ ಇಬ್ಬರು ಒಂದು ಮಗ್ಗುಲಿಗೆ ಬಂದರೆ ಮೂರನೆಯವರು ಎದುರು ಮಗ್ಗುಲಿನಲ್ಲಿ ಕುಳಿತಿರಲಿ. ಅಲೆ ಮೀನನ್ನು ಮೇಲಕ್ಕೆತ್ತುವ ಗಳಿಗೆಗೆ ಕಾದು, ತಲೆಯ ಕಡೆಯಿಂದ ಅಂಚಿನ ಮೇಲೆ ಜಾರಿಸಿಕೊಳ್ಳಿ. ಎತ್ತಲಾಗದಷ್ಟು ದೊಡ್ಡದಾಗಿದ್ದರೆ ತಲೆ ಮುಂದಾಗಿ ಕಟ್ಟಿಕೊಂಡು ನಿಧಾನವಾಗಿ ತಗ್ಗು ನೀರಿಗೆ ಎಳೆದೊಯ್ಯುವುದರಲ್ಲಿ ನಾಚಿಕೆಯೇನಿಲ್ಲ. ಬೇಸಿಗೆಯಲ್ಲೂ ಮೈ ಮರಗಟ್ಟಿಸುವ ನೀರು ಅದು, ಜೀವರಕ್ಷಕ ಅಂಗಿ ಮೂವರ ಮೈಮೇಲೂ ಬೆಳಗಿನಿಂದ ಸಂಜೆಯವರೆಗೆ ಇರಲೇಬೇಕು.

ಬಂದೂಕಿನ ಪ್ರಶ್ನೆಗೆ ಬರುತ್ತೇನೆ. ಅಲಾಸ್ಕದ ಅನೇಕ ಬಾಡಿಗೆ ದೋಣಿಗಳ ನಾಯಕರು ಸಣ್ಣ ಬಂದೂಕಿನಿಂದ ದೊಡ್ಡ ಹ್ಯಾಲಿಬಟ್‌ನ ತಲೆಗೆ ಗುಂಡು ಹಾಕುವುದು ನಿಜ. ಅವರು ಅದನ್ನು ವರ್ಷಾನುಗಟ್ಟಲೆ ಮಾಡಿ ಪಳಗಿದವರು, ದೋಣಿಯಲ್ಲಿ ಯಾರು ಎಲ್ಲಿ ನಿಲ್ಲಬೇಕೆಂದು ಆಜ್ಞೆ ಮಾಡುವ ಅಧಿಕಾರ ಅವರಿಗಿದೆ. ಹ್ಯಾಲಿಬಟ್‌ನ ಮಿದುಳು ಚಿಕ್ಕದು, ಅಲುಗಾಡುವ ದೋಣಿಯಿಂದ ಅಲುಗಾಡುವ ಮೀನಿಗೆ ಗುರಿಯಿಡುವುದು ಕಷ್ಟ, ಓರೆಯಾಗಿ ನೀರಿಗೆ ಬಿದ್ದ ಗುಂಡು ಚಿಮ್ಮಿ ಹೋಗಬಲ್ಲದು, ಲೋಹದ ದೋಣಿಯಲ್ಲಿ ಕೈತಪ್ಪಿ ಹಾರಿದ ಗುಂಡಿನ ಪರಿಣಾಮ ಹೇಳಬೇಕಾಗಿಲ್ಲ. ಮೇಲಾಗಿ, ಹಗ್ಗ ಹಾಕುವ ಮೊದಲು ಕೊಂದ ಮೀನಿನ ಗಾಳ ಕಳಚಿದರೆ ಅದು ನೇರವಾಗಿ ಮುಳುಗಿ ವ್ಯರ್ಥವಾಗುತ್ತದೆ. ಈಟಿ, ಹಗ್ಗ, ಚಾಕು ಇಷ್ಟಿದ್ದರೆ ನಿಮಗೆ ಬಂದೂಕು ಬೇಡ.

ನಿಯಮಗಳ ವಿಚಾರದಲ್ಲಿ ಅಸಡ್ಡೆ ಬೇಡ. 1923ರ ಒಪ್ಪಂದದಿಂದ ಅಮೆರಿಕ ಮತ್ತು ಕೆನಡಾಗಳು ಸೇರಿ ಸ್ಥಾಪಿಸಿದ ಅಂತರರಾಷ್ಟ್ರೀಯ ಪೆಸಿಫಿಕ್ ಹ್ಯಾಲಿಬಟ್ ಆಯೋಗ ನಿಮ್ಮ ಸಿಯಾಟಲ್‌ನಲ್ಲೇ ಇದೆ, ಅದರ ತೀರ್ಮಾನಗಳನ್ನು ಆಧರಿಸಿ ಮಿತಿಗಳು ವರ್ಷವರ್ಷವೂ ಪ್ರಕಟವಾಗುತ್ತವೆ. ಹೊರಡುವ ಮೊದಲು ಆ ವರ್ಷದ್ದನ್ನು ಓದಿಕೊಳ್ಳಿ. ಅಲಾಸ್ಕದಲ್ಲಿ ಒಬ್ಬರಿಗೆ ಒಂದೇ ದಾರ, ಅದರಲ್ಲಿ ಎರಡಕ್ಕಿಂತ ಹೆಚ್ಚು ಗಾಳ ಇರಕೂಡದು. ದೋಣಿಗೆ ತಂದುಕೊಂಡ ಹ್ಯಾಲಿಬಟ್ ಅನ್ನು ಕೂಡಲೇ ಗಾಯವಾಗದಂತೆ ನೀರಿಗೆ ಬಿಡದಿದ್ದರೆ ಅದು ನಿಮ್ಮ ಆ ದಿನದ ಲೆಕ್ಕಕ್ಕೆ ಸೇರುತ್ತದೆ. ಸಮುದ್ರದಲ್ಲಿರುವಾಗ ಮೀನನ್ನು ಮನಬಂದಂತೆ ತುಂಡರಿಸುವಂತಿಲ್ಲ: ಮೇಲ್ಬದಿಯ ಎರಡು, ಕೆಳಬದಿಯ ಎರಡು, ಕೆನ್ನೆಯ ಎರಡು ತುಂಡುಗಳಿಗಿಂತ ಹೆಚ್ಚು ಮಾಡಬಾರದು, ತುಂಡುಗಳ ಮೇಲೆ ಚರ್ಮ ಉಳಿದಿರಬೇಕು. ಆ ತುಂಡುಗಳು ಒಟ್ಟು ಎಷ್ಟು ಮೀನುಗಳವು ಎಂದು ಪರಿಶೀಲಿಸುವವರಿಗೆ ತಿಳಿಯಬೇಕೆಂಬುದೇ ಇದರ ಉದ್ದೇಶ. ನೀವು ಹೊಟ್ಟೆ ಸೀಳಿ ಕರುಳು ತೆಗೆದು, ಆ ಪೊಳ್ಳಿಗೆ ಮಂಜುಗಡ್ಡೆಯ ಪುಡಿ ತುಂಬಿ, ಬಿಸಿಲು ತಾಗದಂತೆ ಒದ್ದೆ ಗೋಣಿ ಹೊದಿಸಿ ಇಡೀ ಮೀನನ್ನೇ ತನ್ನಿ. ಹೋಮರ್‌ನ ಬಂದರಿನಲ್ಲಿ ಮೀನು ಕತ್ತರಿಸಲು ಮೇಜುಗಳಿವೆ, ಉಳಿದ ಕೆಲಸವನ್ನು ನೆಲದ ಮೇಲೆ ನಿಂತು ಮಾಡಿಕೊಳ್ಳಬಹುದು. ಕೆನ್ನೆಯ ಮಾಂಸವನ್ನು ಬಿಸಾಡಬೇಡಿ, ಆ ಮೀನಿನಲ್ಲಿ ಎಲ್ಲಕ್ಕಿಂತ ಸವಿಯಾದದ್ದು ಅದೇ.